ರಾಶಿಯ ತುದಿ

ಸರದಿಯಲ್ಲಿ ನಿಂತವನಿಗೆ ತನ್ನ ಮುಂದೆ ಎಷ್ಟು ಜನರಿದ್ದಾರೆಂಬುದು ಗೊತ್ತೇ ಆಗದಿದ್ದರೆ? ಅವನಿಗಷ್ಟೇ ಅಲ್ಲ, ಸರದಿ ನಡೆಸುವವರಿಗೂ, ಮಂತ್ರಿಗೂ, ಮಂತ್ರಿಯ ಭಾವಮೈದುನನಿಗೂ ಗೊತ್ತಾಗದಿದ್ದರೆ? ನಮ್ಮ ಕಡೆ ಮೊದಲು ಉಪವಾಸ ಬೀಳುವವರು ದಲ್ಲಾಳಿಗಳು. ಅವರು ಉಪವಾಸ ಬೀಳಲಿ ಎಂದೇ ತುಳಸಾ ಬಂಡಿವಡ್ಡರ ಶ್ವಾಸಕೇಂದ್ರದ ಯಂತ್ರದೊಳಗೆ ರಾಶಿಯನ್ನು ಕಟ್ಟಿದ್ದಳು.

ಬಾಗಲಕೋಟೆಯ ನವನಗರಕ್ಕೆ ಆಗಷ್ಟೇ ಶ್ವಾಸಮಂಚ ಬಂದಿತ್ತು. ಕಲ್ಲಿನ ದೂಳು ಕುಡಿದು ಗಟ್ಟಿಯಾದ ಪುಪ್ಪುಸದೊಳಗೆ ಹೊಸ ಪದರ ಬೆಳೆಸುವ ಮಂಚ. ಮಲಗಿದ್ದವನು ಎದ್ದು ಮೆಟ್ಟಿಲು ಹತ್ತಿ ಹೋಗುವುದನ್ನು ಜನ ಕಣ್ಣಾರೆ ಕಂಡರು. ಮಂಚ ಇದ್ದದ್ದು ಒಂದೇ. ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಗಳಲ್ಲಿ, ಸುಣ್ಣದಕಲ್ಲಿನ ಗಣಿಗಳಲ್ಲಿ ಎದೆ ಹಾಳುಮಾಡಿಕೊಂಡವರು ಸಾವಿರಾರು. ಯಾರು ಮೊದಲು ಎಂಬುದನ್ನು ತೀರ್ಮಾನಿಸಲು ಒಂದು ಸಮಿತಿಯಾಯಿತು, ಸಮಿತಿಗೆ ಚಹಾ-ಚೂಡಾ ಆಯಿತು. ಕೊನೆಗೆ ಶ್ವಾಸಕೇಂದ್ರದ ತಂತ್ರಾಂಶ ಬರೆಯುವ ತುಳಸಾಳನ್ನು ಕರೆದರು.

ಪ್ರತಿ ಕಂಪ್ಯೂಟರ್ ಭಾಷೆಯ ಜೊತೆಗೂ ಒಂದು ಸಾಮಾನಿನ ಪೆಟ್ಟಿಗೆ ಬರುತ್ತದೆ, ಬಡಗಿಯ ಹತ್ತಿರ ಇರುವಂಥದ್ದು. ಮಾಹಿತಿಯನ್ನು ತುಂಬಿಡಲು ಅದರಲ್ಲಿ ಬಗೆಬಗೆಯ ಪಾತ್ರೆಗಳು ಸಿದ್ಧವಾಗಿರುತ್ತವೆ: ಎರಡೂ ಕಡೆ ಬಾಯಿಯಿರುವ ಸಾಲು, ಹಾಕಿದ್ದನ್ನೆಲ್ಲ ಎಣಿಸುತ್ತ ಹೋಗುವ ಚೀಲ, ಒಮ್ಮೆ ಮುಚ್ಚಿದರೆ ಮತ್ತೆ ಬದಲಾಗದ ಗುಂಪು. ತುಳಸಾ ಅವನ್ನೆಲ್ಲ ಸಮಿತಿಗೆ ತೋರಿಸಿ ಬದಿಗಿಟ್ಟಳು. ಸಾಲು ಮಾಡಿದರೆ ಬೆಳಗಿನ ಜಾವಕ್ಕೇ ಚಪ್ಪಲಿ ಇಟ್ಟು ಜಾಗ ಹಿಡಿಯುವವರಿದ್ದಾರೆ. ಪಟ್ಟಿ ಮಾಡಿದರೆ ಇಪ್ಪತ್ತನೆಯವನು ಹತ್ತನೆಯವನಾಗಲು ದುಡ್ಡು ಹಿಡಿದು ತಿರುಗುತ್ತಾನೆ. ಆಮೇಲೆ ಅವಳು ರಾಶಿಯನ್ನು ಮುಂದಿಟ್ಟಳು.

ರಾಶಿಯಲ್ಲಿ ಒಬ್ಬನ ಕೆಳಗೆ ಇಬ್ಬರಿರುತ್ತಾರೆ. ಮೇಲಿನವನ ಸಂಕಟ ಆ ಇಬ್ಬರಿಗಿಂತ ಹೆಚ್ಚು ಎನ್ನುವುದಷ್ಟೇ ರಾಶಿಗೆ ಬೇಕು. ಆ ಇಬ್ಬರಲ್ಲಿ ಯಾರದು ಹೆಚ್ಚು, ಯಾರದು ಕಡಿಮೆ ಎಂಬ ಗೊಡವೆ ಅದಕ್ಕಿಲ್ಲ. ಹೀಗೇ ಕಟ್ಟುತ್ತ ಹೋದರೆ ಎಲ್ಲರಿಗಿಂತ ಹೆಚ್ಚು ಸಂಕಟದವನು ತಾನಾಗಿ ತುದಿಗೆ ಬಂದು ನಿಲ್ಲುತ್ತಾನೆ. ಅವನನ್ನು ತೆಗೆದರೆ ಕೆಳಗಿನಿಂದ ಇನ್ನೊಬ್ಬ ಏರುತ್ತಾನೆ. ಉಳಿದವರು ಎಷ್ಟನೆಯವರು ಎಂದು ಕೇಳಿದರೆ ರಾಶಿಗೂ ಗೊತ್ತಿರುವುದಿಲ್ಲ.

ಶಾಸಕರ ಆಪ್ತ ಸಹಾಯಕ ಕುರ್ಚಿಯ ತುದಿಗೆ ಸರಿದ. "ಅಲ್ರೀ ಮೇಡಂ, ನಮ್ಮ ಸಾಹೇಬ್ರ ಕಡಿಯವ್ರು ಎಷ್ಟನೇ ನಂಬರ್ ಅದಾರ ಅಂತ ಕೇಳಿದ್ರ ಏನ್ ಹೇಳ್ತೀರಿ?"

"ಗೊತ್ತಿಲ್ಲ ಅಂತ ಹೇಳ್ತೀನ್ರೀ."

"ಹಂಗ ಹೆಂಗ್ರೀ? ಮಾಡಿದವ್ರು ನೀವ."

"ತುದಿಯಾಗ ಯಾರದಾರ ಅನ್ನೂದೊಂದ ಕಾಣತೈತ್ರೀ. ಒಳಗ ಇಣುಕೂ ಕಿಡಕಿನ ಇಟ್ಟಿಲ್ಲ. ನಮ್ಮಪ್ಪನ ಹೆಸರೂ ಅದರಾಗ ಬರತೈತಿ. ಎಲ್ಲೈತಿ ಅಂತ ಕಂಡ್ರ ನಾನೂ ಮನುಷ್ಯಾಳ, ಕೈ ಹಚ್ಚತೀನಿ. ಅದಕ್ಕ ನನಗೂ ಕಾಣಬಾರದು."

ಕೇಂದ್ರದ ನಿರ್ದೇಶಕ ದೇಸಾಯಿ ಸಾಹೇಬರು ಮೇಜು ಬಡಿದು ಭೇಷ್ ಅಂದರು. ಆ ಮಾತನ್ನು ಬರೆದುಕೊಳ್ಳಲೂ ಹೇಳಿದರು. ತುಳಸಾಳಿಗೆ ಅಂದು ಹೆಮ್ಮೆಯಾಗಿದ್ದು ಸಹಜ. ವಡ್ಡರ ಓಣಿಯಿಂದ ಬಂದ ಹುಡುಗಿ ಕೊಟ್ಟ ಉತ್ತರಕ್ಕೆ ಶಾಸಕರ ಮನುಷ್ಯ ಬಾಯಿ ಮುಚ್ಚಿಕೊಂಡು ಕೂತಿದ್ದ.

ಸಂಕಟವನ್ನು ಅಳೆಯುವುದು ಹೇಗೆ ಎಂಬುದು ಮುಂದಿನ ತಕರಾರು. ಮೊದಲು ಬೆರಳಿಗೆ ಚಿಮಟಿಗೆ ಹಾಕಿ ರಕ್ತದ ಆಮ್ಲಜನಕ ನೋಡಿದರು. ವಾರದೊಳಗೆ ಜನ ಬೆರಳಿಗೆ ದಾರ ಬಿಗಿದು ಅಂಕಿ ಇಳಿಸುವುದನ್ನು ಕಲಿತರು. ಹಾಗಾಗಿ ಚಿಮಟಿಗೆಯ ಬೆಲೆ ಇಳಿಸಿ, ರೋಗಿಯ ಮಾತಿಗೆ ಬೆಲೆ ಏರಿಸಿದರು. ಪ್ರತಿ ಮನೆಗೂ ಒಂದು ಪುಟ್ಟ ಪೆಟ್ಟಿಗೆ. ಅದು ಬೆಳಿಗ್ಗೆ ಎಂಟಕ್ಕೆ ಹೇಗಿದ್ದೀರಿ ಎಂದು ಕೇಳುತ್ತದೆ, ಉತ್ತರವನ್ನೂ ಉತ್ತರದ ಉಸಿರನ್ನೂ ತೂಗುತ್ತದೆ. ಇಲ್ಲದ ನೋವನ್ನು ಇದೆ ಎಂದು ನಟಿಸುವವರನ್ನು ಅದು ಗುರುತಿಸಿ ರಾಶಿಯ ತಳಕ್ಕೆ ತಳ್ಳುತ್ತದೆ. ಮೂರು ಸಲ ಕೇಳಿದರೂ ಉತ್ತರ ಬಾರದಿದ್ದರೆ ಮಾತಾಡಲಾರದಷ್ಟು ಸಂಕಟವೆಂದು ತಿಳಿದು ನೇರ ತುದಿಗೆ ಏರಿಸುತ್ತದೆ. ಮಾತು ಬರುತ್ತಿದ್ದೂ ಬಾಯಿ ಮುಚ್ಚಿಕೊಂಡವನೆಂದು ಅಂಬುಲೆನ್ಸಿನವರಿಗೆ ಕಂಡರೆ ಹೆಸರು ರಾಶಿಯಿಂದಲೇ ಹೊರಗೆ. ಸುಳ್ಳುಗಾರರಿಗೆ ಒಂದು ಸಂದೂ ಬಿಟ್ಟಿರಲಿಲ್ಲ. ಅತ್ತರೆ ತಾನೇ ತಾಯಿ ಹಾಲು ಕೊಡುವುದು, ಅಳಲಿ, ನಿಜವಾಗಿ ಅಳಲಿ ಎಂದು ಸಮಿತಿಯವರು ನಕ್ಕರು. ಇದ್ದ ನೋವನ್ನು ಇಲ್ಲ ಎನ್ನುವವರನ್ನು ಹಿಡಿಯುವ ಯಂತ್ರ ಬೇಕಾದೀತೆಂದು ಆ ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಪೆಟ್ಟಿಗೆಯಲ್ಲಿ ಮೊದಲು ಯಾವುದೋ ಊರಿನ ಹೆಣ್ಣು ದನಿ ಇತ್ತು. "ದಯವಿಟ್ಟು ತಮ್ಮ ಇಂದಿನ ಆರೋಗ್ಯ ಸ್ಥಿತಿಯನ್ನು ತಿಳಿಸಿ" ಎನ್ನುತ್ತಿತ್ತು. ಮುದುಕರು ಬ್ಯಾಂಕಿನವರೆಂದು ತಿಳಿದು ಪೆಟ್ಟಿಗೆಯ ಮೇಲೆ ಟವೆಲ್ಲು ಹೊದಿಸಿದರು. ಆಗ ಕೇಂದ್ರದ ಡಾಕ್ಟರ್ ಸೌದಾಗರ್, "ತುಳಸಾ ಅವರ, ನೀವ ಮಾತಾಡ್ರಲ್ಲ. ನಿಮ್ಮ ದನಿ ಮನೀ ಮಗಳ ದನಿ ಇದ್ದಂಗೈತಿ" ಅಂದರು. ತುಳಸಾ ಒಂದು ಮಧ್ಯಾಹ್ನ ಕೂತು ಬೇಕಾದ ಮಾತುಗಳನ್ನೆಲ್ಲ ಯಂತ್ರಕ್ಕೆ ತುಂಬಿಸಿದಳು. ಮೊದಲನೆಯದು, "ಆರಾಮ ಅದೀರೇನ್ರೀ?" ಕೊನೆಯದು, "ನಿಮ್ಮ ಸರದಿ ಬಂದೈತ್ರೀ. ತಯಾರಾಗ್ರಿ."

ಆ ಸೀಮೆಯಲ್ಲಿ ಹುಟ್ಟಿ ಬೆಳೆದವಳು ಅವಳು. ಆರಾಮ ಅದೀರೇನ್ರೀ ಎಂಬ ಪ್ರಶ್ನೆಗೆ ಅಲ್ಲಿ ಒಂದೇ ಉತ್ತರವಿದೆ. ಸೊಂಟ ಮುರಿದು ಬಿದ್ದವನೂ ಮೊದಲು ಆರಾಮ ಅಂದು, ಚಹಾ ತರಿಸಿ, ಆಮೇಲೆ ಸೊಂಟದ ಸುದ್ದಿ ತೆಗೆಯುತ್ತಾನೆ. ಪೆಟ್ಟಿಗೆಗೆ ಚಹಾದವರೆಗೆ ಕಾಯುವ ವ್ಯವಧಾನವಿರಲಿಲ್ಲ.

*

ತುಳಸಾಳ ಅಪ್ಪ ಪರಸಪ್ಪ ಇಳಕಲ್ಲಿನ ಕಡೆ ಗ್ರಾನೈಟ್ ಪಾಲಿಶ್ ಮಾಡಿ ಮಗಳನ್ನು ಓದಿಸಿದವನು. ಈಗ ನವನಗರದಲ್ಲಿ ಮಗಳ ಜೊತೆಗಿದ್ದ. ಹೆಂಡತಿ ತೀರಿದ ಮೇಲೆ ಅವನ ತಂಗಿ ಹುಲಿಗೆವ್ವ ಬಂದು ಅಡುಗೆಮನೆ ವಹಿಸಿಕೊಂಡಿದ್ದಳು. ರಾತ್ರಿಯೆಲ್ಲ ಕೆಮ್ಮಿ ಕೆಮ್ಮಿ ಪರಸಪ್ಪ ಗೋಡೆಗೆ ಒರಗಿಯೇ ನಿದ್ದೆ ಮಾಡುತ್ತಿದ್ದ. ಅವನ ಹೆಸರು ರಾಶಿಗೆ ಸೇರಿ ಏಳೆಂಟು ತಿಂಗಳಾಗಿತ್ತು. ಇವತ್ತಲ್ಲ ನಾಳೆ ತುದಿಗೆ ಬಂದೇ ಬರುತ್ತದೆ, ಇಷ್ಟು ಸಂಕಟದವನನ್ನು ಬಿಟ್ಟು ಇನ್ಯಾರು ಬರಬೇಕು ಎಂದು ತುಳಸಾ ನಂಬಿದ್ದಳು. ದಿನಾ ಮುಂಜಾನೆ ನಿಯಂತ್ರಣ ಕೋಣೆಯ ಪರದೆಯ ಮೇಲೆ ತುದಿಯ ಹೆಸರು ಮೂಡುವಾಗ ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಳ್ಳುತ್ತಿದ್ದಳು. ದಿನಾ ಬೇರೆ ಯಾರದೋ ಹೆಸರು.

ಅವಳಿಗೆ ಅಪ್ಪನ ಮೇಲೆ ಒಂದು ಸಿಟ್ಟಿತ್ತು. ಬೆಳಿಗ್ಗೆ ಅವಳು ಹೊರಡುವ ಹೊತ್ತಿಗೆ ಅವನು ಬಾಯಿಯೇ ಬಿಡುತ್ತಿರಲಿಲ್ಲ. "ಅಪ್ಪಾ, ಹೊಂಟೆ" ಅಂದರೆ ತಲೆ ಅಲ್ಲಾಡಿಸುತ್ತಿದ್ದ. "ಗುಳಿಗಿ ತಗೊಂಡೀ?" ಅಂದರೆ ಕೈ ಎತ್ತುತ್ತಿದ್ದ. ಸಂಜೆ ಬಂದರೆ ಸರಿಯಾಗಿಯೇ ಇರುತ್ತಿದ್ದ, ಉಸಿರು ಸಿಕ್ಕಷ್ಟು ಮಾತಾಡುತ್ತಿದ್ದ.

"ಅತ್ತಿ, ಮುಂಜಾನಿ ಮುಂಜಾನಿ ಇಂವಗೇನಾಗಿರತೈತಿ? ನಾ ಏನ್ ತಪ್ಪು ಮಾಡೀನಿ?"

"ನನ್ನ ಜೋಡೀನೂ ಮಾತಾಡೂದಿಲ್ಲವಾ. ಮೌನ ಹಿಡದಾನಂತ ಕಾಣತೈತಿ. ವಯಸ್ಸಾತು, ದೇವರ ಧ್ಯಾನ ಇದ್ದೀತು" ಅನ್ನುತ್ತಿದ್ದಳು ಹುಲಿಗೆವ್ವ.

ಹುಟ್ಟಿನಿಂದ ದೇವರಿಗೆ ಬೈದುಕೊಂಡೇ ಬಂದವನಿಗೆ ಎಂಥ ಧ್ಯಾನ ಎಂದು ತುಳಸಾ ಗಾಡಿ ಒದ್ದು ಹೊರಡುತ್ತಿದ್ದಳು. ಪೆಟ್ಟಿಗೆ ಎಂಟಕ್ಕೆ ಮಾತಾಡುವುದು ಅವಳು ಹೋದ ಮೇಲೆ. ಅವಳಿಗೆ ರಜೆಯಿದ್ದ ಭಾನುವಾರ ಮಂಚ ತೊಳೆಯುವ ದಿನ, ಅಂದು ಪ್ರಶ್ನೆಯೂ ಇರುತ್ತಿರಲಿಲ್ಲ.

ಒಮ್ಮೆ ಡಾಕ್ಟರ್ ಸೌದಾಗರ್ ಪರದೆಯ ಮುಂದೆ ನಿಂತು ಗಡ್ಡ ಕೆರೆದುಕೊಂಡರು. "ಒಂದು ಮಾತು ಕೇಳ್ಲೇನ್ರೀ? ಬರೇ ವಕೀಲರು, ಗುತ್ತಿಗೆದಾರರು, ಮಾಸ್ತರರು ಬರಾಕತ್ತಾರ. ಕಲ್ಲು ಒಡದ ಮಂದಿ ಯಾಕ ಬರವಲ್ರು? ದೂಳು ಕುಡದವ್ರು ಅವರಲ್ಲೇನು?"

"ರಾಶಿ ತಪ್ಪು ಮಾಡೂದಿಲ್ರೀ ಡಾಕ್ಟ್ರ. ಹೆಚ್ಚು ಸಂಕಟ ಇದ್ದವ್ರ ಮ್ಯಾಲೆ ಬರ್ತಾರ" ಅಂದಳು ತುಳಸಾ. ಅವಳು ಹೇಳಿದ್ದು ನಿಜ. ರಾಶಿ ಒಮ್ಮೆಯೂ ತಪ್ಪು ಮಾಡಿರಲಿಲ್ಲ. ಕೊಟ್ಟದ್ದನ್ನು ಕೊಟ್ಟಂತೆ ಜೋಡಿಸುತ್ತಿತ್ತು.

*

ಒಂದು ದಿನ ಗುರುತಿನ ಕಾರ್ಡು ಮರೆತು ತುಳಸಾ ಅರ್ಧ ದಾರಿಯಿಂದ ಮನೆಗೆ ಮರಳಿದಳು. ಬಾಗಿಲಲ್ಲಿ ಕಾಲಿಟ್ಟಾಗ ಒಳಗಿನಿಂದ ಅವಳದೇ ದನಿ ಕೇಳಿತು.

"ಆರಾಮ ಅದೀರೇನ್ರೀ?"

ಪರಸಪ್ಪ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ. ತಲೆಗೆ ಪಟಕ ಸುತ್ತಿದ್ದ, ತೊಳೆದ ಅಂಗಿ ತೊಟ್ಟಿದ್ದ. ಪಕ್ಕದಲ್ಲಿ ಶುಂಠಿ ಹಾಕಿದ ಬಿಸಿನೀರಿನ ಲೋಟ ಖಾಲಿಯಾಗಿತ್ತು. ಅವನು ಬೆನ್ನು ನೆಟ್ಟಗೆ ಮಾಡಿ, ಒಂದು ಸಲವೂ ತಡೆಯದೆ, ಪಾಲಿಶ್ ಮಿಲ್ಲಿನ ಸದ್ದಿನ ಮೇಲೆ ಕೂಗುತ್ತಿದ್ದ ಕಾಲದ ದನಿಯಲ್ಲಿ ಹೇಳಿದ:

"ಏ, ಆರಾಮ ಅದೀನ್ರೀ ಬಾಯಾರ. ಏನೂ ತ್ರಾಸಿಲ್ರೀ. ನೀವು ಆರಾಮ?"

"ಧನ್ಯವಾದ್ರೀ" ಅಂದಿತು ಪೆಟ್ಟಿಗೆ. ಅದರ ದೀಪ ಆರುತ್ತಲೇ ಪರಸಪ್ಪ ಮುಂದಕ್ಕೆ ಬಾಗಿ ಬಿದ್ದ. ಹುಲಿಗೆವ್ವ ಓಡಿ ಬಂದು ಎದೆ ನೀವಿದಳು. ಬಹಳ ಹೊತ್ತು ಅವನಿಗೆ ಉಸಿರು ಸಿಗಲಿಲ್ಲ. ತುಟಿ ನೀಲಿಯಾಗಿತ್ತು.

ತುಳಸಾ ಅವನ ಎದುರು ಕುಕ್ಕರಿಸಿದಳು. "ಅಪ್ಪಾ, ಯಾರಿಗೆ ಹೇಳಿದಿ ಅದನ್ನ?"

ಪರಸಪ್ಪ ಒಮ್ಮೆ ಪೆಟ್ಟಿಗೆಯನ್ನು ನೋಡಿದ, ಒಮ್ಮೆ ಮಗಳನ್ನು ನೋಡಿದ. "ನಿನಗ."

"ನಾ ಇಲ್ಲೇ ನಿಂತೀನಿ."

"ಹೌದಲ್ಲ" ಅಂದ ಅವನು. ಆಮೇಲೆ ತುಂಡು ತುಂಡಾಗಿ ವಿವರಿಸಿದ. ಆಫೀಸಿನಲ್ಲಿ ಕೂತು ಮಗಳು ದಿನಾ ತನ್ನನ್ನು ಕೇಳುತ್ತಾಳೆ. ಸುತ್ತ ನಾಲ್ಕು ಮಂದಿ ದೊಡ್ಡವರು ಕೂತಿರುತ್ತಾರೆ, ಅದಕ್ಕೇ ಅಪ್ಪಾ ಅನ್ನದೆ ರೀ ಹಚ್ಚಿ ಮಾತಾಡುತ್ತಾಳೆ. ಅವಳ ಮಾನ ಕಾಯಲು ಅವನೂ ಬಾಯಾರ ಅನ್ನುತ್ತಾನೆ. "ಅವರ ಮುಂದ ನಾ ನರಳಿದ್ರ, ಮಗಳು ಒಳಗಿಂದ ಅಪ್ಪನ ಕೆಲಸ ಮಾಡಿಸಿಕೊಂಡ್ಲು ಅಂದಾರು. ನೀನ ಹೇಳಿದ್ದಿಲ್ಲ, ಯಾರ ಹೆಸರಿಗೂ ಕೈ ಹಚ್ಚುವಂಗಿಲ್ಲ ಅಂತ? ನಿನ್ನ ನೌಕರಿ ಹೋಗಬಾರದು, ಯವ್ವಾ."

ಹುಲಿಗೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಗ ತಿಳೀತು ನೋಡು. ನಸುಕಿನ್ಯಾಗಿಂದ ಬಾಯಿ ಬಿಡದ ಕುಂದರತಾನಲ್ಲ, ಈ ಒಂದು ಮಾತಿಗೆ ಉಸಿರು ಕೂಡಿಡಾಕತ್ತಿದ್ದ."

ತನ್ನ ಎದುರು ನಿಂತ ಮಗಳಿಗೆ ತಲೆ ಅಲ್ಲಾಡಿಸಿ, ಆ ಉಳಿಸಿದ ಉಸಿರನ್ನೆಲ್ಲ ಅವನು ಪೆಟ್ಟಿಗೆಯ ಮಗಳಿಗೆ ಕೊಟ್ಟಿದ್ದ. ತುಳಸಾ ಪೆಟ್ಟಿಗೆಯ ಕಡೆ ಕೈ ಮಾಡಿ ಹೇಳಿದಳು: "ಅಪ್ಪಾ, ಅಲ್ಲಿ ನಾಕು ಮಂದಿ ಇಲ್ಲ. ನಾನೂ ಕೇಳೂದಿಲ್ಲ. ಅದು ಬರೇ ಮಷಿನ್ನು. ನನ್ನ ದನಿ ಒಮ್ಮೆ ತುಂಬಿಸಿಟ್ಟಾರ, ಅಷ್ಟ. ನೀ ಆರಾಮ ಅಂದ್ರ ಅದು ನಿನ್ನ ಕೆಳಗ ಹಾಕತೈತಿ."

ಪರಸಪ್ಪ ಪಟಕ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಅವನ ಮುಖ ಸಣ್ಣದಾಯಿತು.

"ಮತ್ತ ಇಷ್ಟು ದಿನ ನಾ ಯಾರ ಜೋಡಿ ಮಾತಾಡಿದೆ?"

ತುಳಸಾ ಇನ್ನಷ್ಟು ಹತ್ತಿರ ಸರಿದಳು. ನಾಳೆಯಿಂದ ಇದ್ದದ್ದನ್ನು ಇದ್ದಂತೆ ಹೇಳು ಎಂದು ಅವನ ಕೈ ತನ್ನ ತಲೆಯ ಮೇಲಿಟ್ಟು ಆಣೆ ಮಾಡಿಸಿದಳು.

*

ಮರುದಿನ ಪರಸಪ್ಪ ಮಾತಿಗೆ ತಪ್ಪಲಿಲ್ಲ. ಎಂಟು ದಾಟುತ್ತಲೇ ಹುಲಿಗೆವ್ವ ಫೋನು ಮಾಡಿ, "ಎಲ್ಲಾ ಹೇಳಿದ ನೋಡು. ರಾತ್ರಿ ಕೆಮ್ಮಿದ್ದು, ರಕ್ತ ಬಿದ್ದದ್ದು, ಎಲ್ಲಾ" ಅಂದಳು. ತುಳಸಾ ಪರದೆಯ ಮುಂದೆ ಕೈಮುಗಿದು ಕೂತಳು. ತುದಿಗೆ ಜಮಖಂಡಿಯ ಒಬ್ಬ ವಕೀಲರ ಹೆಸರು ಬಂತು.

ಸಂಜೆ ದಿನದ ವರದಿ ಬಂತು. ಅದರಲ್ಲಿ ಹೆಸರುಗಳಿರುವುದಿಲ್ಲ, ಏನಾಯಿತೆಂಬ ಸಾರಾಂಶ ಮಾತ್ರ. ಡಾಕ್ಟರ್ ಸೌದಾಗರ್ ಓದಿ ನಕ್ಕರು. "ಇವತ್ತೊಬ್ಬ ಕಿಲಾಡಿ ಸಿಕ್ಕಬಿದ್ದಾನ್ರೀ. ತಿಂಗಳಾನುಗಟ್ಟಲೆ ಕಂಚಿನ ದನಿಯಾಗ ಆರಾಮ ಅಂದಾಂವ, ಒಂದ ರಾತ್ರಿಯಾಗ ರಕ್ತ ಕಾರ್ತೀನಿ ಅಂತಾನ. ಮಷಿನ್ನು ನಂಬಲಿಲ್ಲ. ತಳಕ್ಕ ಒಗದೈತಿ. ಭೇಷ್ ಮಾಡೀರಿ ನೀವು."

ತುಳಸಾ ನೀರಿನ ಬಾಟಲಿ ತೆರೆದಳು, ಕುಡಿಯದೆ ಮತ್ತೆ ಮುಚ್ಚಿದಳು. ಆ ಪರೀಕ್ಷೆ ಅವಳೇ ಬರೆದದ್ದು. ಹಳೆಯ ಉತ್ತರಗಳಿಗೂ ಹೊಸದಕ್ಕೂ ಅಜಗಜಾಂತರವಿದ್ದರೆ ಹೊಸದು ಸುಳ್ಳು. ಮತ್ತೆ ನಂಬಿಕೆ ಗಳಿಸಲು ಆರು ತಿಂಗಳು ಒಂದೇ ತೆರನಾಗಿ ಉತ್ತರಿಸಬೇಕು. ಅಪ್ಪನ ಹತ್ತಿರ ಆರು ತಿಂಗಳಿರಲಿಲ್ಲ.

ಅಂದು ಅವಳು ವಡ್ಡರ ಓಣಿಯಲ್ಲಿ ಗಾಡಿ ನಿಲ್ಲಿಸಿದಳು. ಕಟ್ಟೆಯ ಮೇಲೆ ಅಪ್ಪನ ಜೊತೆಗಾರರು ಉಸಿರು ಹಿಡಿದು ಕೂತಿದ್ದರು. ಬಾ ಯವ್ವಾ, ದಿನಾ ಮುಂಜಾನಿ ನೀ ಕೇಳ್ತೀಯಲ್ಲ, ಮನಸ್ಸಿಗೆ ಹಿತ ಆಕ್ಕೈತಿ ಅಂದರು. ಆರಾಮ ಅನ್ನಬೇಡಿ ಎಂದು ಹೇಳಲು ಬಂದವಳಿಗೆ ತಾನು ಬರೆದ ಪರೀಕ್ಷೆ ನೆನಪಾಯಿತು. ಇವರಿಗೆ ನಿಜ ಹೇಳಿ ಎಂದರೆ ನಾಳೆ ಎಲ್ಲರೂ ಒಟ್ಟಿಗೆ ಸುಳ್ಳುಗಾರರಾಗುತ್ತಾರೆ. "ಆರಾಮ ಅದೀರೇನ್ರೀ?" ಎಂದು ಅವಳ ಬಾಯಿಂದಲೂ ಅದೇ ಬಂತು. ಆರಾಮ, ಆರಾಮ ಅಂದರು ಎಲ್ಲರೂ.

ಬೆಳಗಾಗುತ್ತಲೇ ಅವಳು ದೇಸಾಯಿ ಸಾಹೇಬರ ಕೋಣೆಗೆ ಹೋದಳು. ಪ್ರಶ್ನೆ ತಪ್ಪಾಗಿದೆ, ಪರೀಕ್ಷೆ ತಪ್ಪಾಗಿದೆ, ಎರಡನ್ನೂ ಬದಲಿಸಬೇಕು ಅಂದಳು.

"ಮುಂದಿನ ಸಮಿತಿಗೆ ಇಡೋಣು. ಒಳ್ಳೇ ಸಲಹೆ" ಅಂದರು ಸಾಹೇಬರು.

"ಅಲ್ಲೀತನಕ ರಾಶಿ ಒಮ್ಮೆ ಬಿಚ್ಚಾಕ ಅಪ್ಪಣೆ ಕೊಡ್ರಿ ಸರ್. ತುದಿಯಿಂದ ಒಬ್ಬೊಬ್ಬರನ್ನ ತೆಗೆದು ಹೊರಗ ಇಟ್ಟು, ಕಲ್ಲಿನ ಕೆಲಸದವ್ರನ್ನ ಡಾಕ್ಟ್ರ ಕಡೆ ತೋರಿಸಿ, ಮತ್ತ ಕಟ್ಟತೀನಿ. ನಮ್ಮಪ್ಪನೂ ಅದರಾಗ ಅದಾನ. ತಳಕ್ಕ ಬಿದ್ದಾನ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಅವರು ಕೆಟ್ಟ ಮನುಷ್ಯರಲ್ಲ, ಅದೇ ಕಷ್ಟ. "ತುಳಸಾ ಅವರ, ನೀವಾಡಿದ ಮಾತು ನಾ ಬರಸಿ ಇಡಿಸೀನಿ. ಎಲ್ಲೈತಿ ಅಂತ ಕಂಡ್ರ ನಾನೂ ಮನುಷ್ಯಾಳ, ಕೈ ಹಚ್ಚತೀನಿ, ಅದಕ್ಕ ನನಗೂ ಕಾಣಬಾರದು. ಹೌದಲ್ರೀ? ಆ ಮಾತು ನಂಬೇ ನಾ ಶಾಸಕರಿಗೆ ಇಲ್ಲ ಅಂದೀನಿ, ಜಿಲ್ಲಾಧಿಕಾರಿಗೆ ಇಲ್ಲ ಅಂದೀನಿ. ಈಗ ನಿಮ್ಮ ಅಪ್ಪನ ಸಲುವಾಗಿ ಬಿಚ್ಚಿದ್ರ ನಾಳೆ ಯಾರಿಗೆ ಏನ್ ಹೇಳ್ಲಿ?"

ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದಳು. ಹಳ್ಳವನ್ನು ಎಷ್ಟು ಚೊಕ್ಕವಾಗಿ ತೋಡಿದ್ದಳೆಂದರೆ ಹತ್ತಿ ಬರಲು ಒಂದು ಮೆಟ್ಟಿಲೂ ಇರಲಿಲ್ಲ.

*

ಆಮೇಲಿನ ಬೆಳಗುಗಳಲ್ಲಿ ಪರಸಪ್ಪ ಮಾತಾಡತೊಡಗಿದ. ಉಸಿರು ಕೂಡಿಡುವ ಕೆಲಸ ಇನ್ನಿರಲಿಲ್ಲ. ತುಳಸಾ ಗಾಡಿಯ ಕೀಲಿ ಹುಡುಕುವಾಗ ಗೋಡೆಗೆ ಒರಗಿಕೊಂಡೇ, "ಡಬ್ಬಿ ತಗೊಂಡಿ?" ಅನ್ನುತ್ತಿದ್ದ. ಒಂದು ದಿನ ಅವಳ ಅವ್ವನ ಹಾಗೇ ಜಡೆ ಹಾಕಿಕೊಂಡಿದ್ದೀ ಅಂದ. ಆ ನಾಲ್ಕು ಮಾತು ಹೇಳಲು ಅವನಿಗೆ ನಾಲ್ಕು ಕಡೆ ನಿಲ್ಲಬೇಕಾಯಿತು. ತುಳಸಾ ತಡವಾದರೂ ನಿಂತು ಕೇಳುತ್ತಿದ್ದಳು. ಇಷ್ಟು ಮಾತು ಇವನಲ್ಲಿತ್ತೇ ಎಂದು ಸಂತೋಷವಾಗುತ್ತಿತ್ತು. ಎಂಟಕ್ಕೆ ಪೆಟ್ಟಿಗೆ ಕೇಳಿದಾಗ ಅವನು ನಿಜವನ್ನೇ ಹೇಳುತ್ತಿದ್ದ. ಪೆಟ್ಟಿಗೆ ನಂಬುತ್ತಿರಲಿಲ್ಲ.

"ಹಗೂರ ಹೋಗು. ಗಾಡಿ ಜೋರ ಓಡಿಸಬ್ಯಾಡ" ಅಂದ ಒಂದು ಮುಂಜಾನೆ. ಆಕೆ ಹೂಂ ಅಂದು ಹೊರಟಳು.

ನಿಯಂತ್ರಣ ಕೋಣೆಯಲ್ಲಿ ಎಂಟು ಹೊಡೆದು ಸ್ವಲ್ಪ ಹೊತ್ತಾಗಿತ್ತು. ಪರದೆಯ ಮೇಲೆ ತುದಿಯ ಹೆಸರು ಮೂಡಿತು. ಡಾಕ್ಟರ್ ಸೌದಾಗರ್ ಕುರ್ಚಿಯಿಂದ ಎದ್ದೇಬಿಟ್ಟರು.

"ತುಳಸಾ ಅವರ, ನೋಡ್ರಿಲ್ಲಿ. ನಿಮ್ಮ ತಂದಿಯವರ ಹೆಸರು. ಪರಸಪ್ಪ ಬಂಡಿವಡ್ಡರ. ಬಂತು ನೋಡ್ರಿ ಕಡೀಕ."

ಕೋಣೆಯವರೆಲ್ಲ ಅವಳ ಕಡೆ ತಿರುಗಿ ನಕ್ಕರು. ಯಾರೋ ಅಂಬುಲೆನ್ಸಿಗೆ ಹೇಳಲು ಫೋನೆತ್ತಿಕೊಂಡರು. ತುಳಸಾ ಮಾತ್ರ ಏಳಲಿಲ್ಲ. ತಳಕ್ಕೆ ಬಿದ್ದ ಹೆಸರು ಆರು ತಿಂಗಳೊಳಗೆ ತುದಿಗೆ ಬರಲು ಇದ್ದದ್ದು ಒಂದೇ ದಾರಿ, ಆ ದಾರಿಯನ್ನೂ ಬರೆದವಳು ಅವಳೇ. ಮೂರು ಸಲ ಕೇಳಿದರೂ ಉತ್ತರ ಬಂದಿರಲಿಲ್ಲ.

ಅವಳ ಫೋನು ರಿಂಗಾಯಿತು. ಹುಲಿಗೆವ್ವ ಅಳುತ್ತಿರಲಿಲ್ಲ. ಅತ್ತು ಮುಗಿಸಿದವಳ ದನಿ ಅದು.

"ತುಳಸವ್ವಾ, ನಿಮ್ಮಪ್ಪ ಹೋದ. ನೀ ಓಣಿ ದಾಟೂದರಾಗ ಹೋದ."

"ಅತ್ತೀ..."

"ಬಾ ನೀ. ಮಂದಿ ಬಂದು ಕುಂತಾರ. ಅದರಾಗ ಇದೊಂದು ನೋಡವಾ, ನಿನ್ನ ದನಿ. ನಿಮ್ಮ ಸರದಿ ಬಂದೈತ್ರೀ, ತಯಾರಾಗ್ರಿ, ಅಂತ ಹೇಳಿದ್ದ ಹೇಳಾಕತ್ತೈತಿ. ಹೋದಾನವಾ, ಇಲ್ಲ ಅಂವ, ಅಂತ ನಾ ಎಷ್ಟು ಹೇಳಿದ್ರೂ ಕೇಳವಲ್ದು. ಮಂದಿ ಒಬ್ಬರ ಮುಖ ಒಬ್ಬರು ನೋಡಾಕತ್ತಾರ. ಅದನ್ನೊಂದು ಬಂದ್ ಮಾಡು, ನನ್ನವ್ವಾ."

ಫೋನಿನೊಳಗೆ, ಹುಲಿಗೆವ್ವನ ಹಿಂದೆ, ತುಳಸಾಳಿಗೂ ಅದು ಕೇಳಿಸಿತು. ಮನೆ ಮಗಳ ದನಿ ಇದ್ದಂತೆಯೇ ಇತ್ತು.

ತುದಿಯ ಹೆಸರನ್ನು ತೆಗೆಯದೆ ಆ ದನಿ ನಿಲ್ಲುವಂತಿರಲಿಲ್ಲ. ತುಳಸಾ ಪರದೆಯ ಮೇಲೆ ಬೆರಳಿಟ್ಟು ಅಪ್ಪನ ಹೆಸರನ್ನು ತೆಗೆದಳು. ಕೆಳಗಿನಿಂದ ಇನ್ನೊಂದು ಹೆಸರು ಏರಿ ಬಂದು ಆ ಜಾಗದಲ್ಲಿ ನಿಂತಿತು.